ಹಿಂಬಾಲಕರಿದ್ದಾರೆ, ಗಿರಾಕಿಗಳೆಲ್ಲಿ? ಸಾಮಾಜಿಕ ಜಾಲತಾಣದಲ್ಲಿ ವ್ಯಾಪಾರದ ಬದಲಾದ ಲೆಕ್ಕ

2025ರ ಜೂನ್ ಮತ್ತು ಜುಲೈ ನಡುವೆ, ನಾಲ್ಕು ವಾರಗಳ ಒಳಗೆ, ಮೂರು ಸುದ್ದಿಗಳು ಬಂದವು. ಜೂನ್ 16ರಂದು ವಾಟ್ಸ್‌ಆ್ಯಪ್, ಸ್ಟೇಟಸ್‌ಗಳು ಕಾಣುವ ತನ್ನ ‘ಅಪ್‌ಡೇಟ್ಸ್’ ವಿಭಾಗದಲ್ಲಿ ಜಾಹೀರಾತು ತರುವುದಾಗಿ ಪ್ರಕಟಿಸಿತು. ಜುಲೈ 1ರಿಂದ, ಸಂಸ್ಥೆಗಳು ವಾಟ್ಸ್‌ಆ್ಯಪ್‌ನ ದೊಡ್ಡ ವ್ಯವಸ್ಥೆಯ ಮೂಲಕ ಕಳುಹಿಸುವ ಸಿದ್ಧ ಸಂದೇಶಗಳಿಗೆ ಒಂದೊಂದಕ್ಕೂ ದರ ವಿಧಿಸುವ ಪದ್ಧತಿ ಜಾರಿಗೆ ಬಂತು. ಜುಲೈ 10ರಿಂದ ಇನ್‌ಸ್ಟಾಗ್ರಾಂನ ವೃತ್ತಿಪರ ಖಾತೆಗಳ ಸಾರ್ವಜನಿಕ ಚಿತ್ರ ಮತ್ತು ವಿಡಿಯೊಗಳು ಗೂಗಲ್‌ನಂಥ ಹುಡುಕಾಟ ತಾಣಗಳಲ್ಲಿ ಕಾಣಿಸಿಕೊಳ್ಳಲು ದಾರಿಯಾಯಿತು.

ಮೂರೂ ಫೇಸ್‌ಬುಕ್‌, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳ ಒಡೆತನವಿರುವ ಮೆಟಾ ಕಂಪನಿಯವೇ. ಆದರೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಸಣ್ಣ ಉದ್ದಿಮೆದಾರರಿಗೆ ಅನ್ನಿಸಿದರೆ ಅದು ಸಹಜ. ಒಂದು ಕೈ ಹೊಸ ಶುಲ್ಕ ಕೇಳುತ್ತದೆ, ಇನ್ನೊಂದು ಕೈ ಕಾಸಿಲ್ಲದೆ ಹುಡುಕಾಟದಲ್ಲಿ ಜಾಗ ಕೊಡುತ್ತದೆ. ಹಾಗಾದರೆ ಸಾಮಾಜಿಕ ಜಾಲತಾಣವೆಂಬುದು ಪುಕ್ಕಟೆ ಪ್ರಚಾರದ ಸಾಧನವೋ, ದುಡ್ಡು ಕೊಟ್ಟು ಕೊಳ್ಳುವ ಜಾಹೀರಾತು ಫಲಕವೋ? ದಿನಕ್ಕೊಂದು ಪೋಸ್ಟ್ ಹಾಕುತ್ತಾ ಹೋಗಬೇಕೋ, ಅದನ್ನು ಬಿಟ್ಟು ಜಾಹೀರಾತಿಗೆ ಹಣ ಎತ್ತಿಡಬೇಕೋ?

ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿದರೆ ಗೊಂದಲ ಹೆಚ್ಚುತ್ತದೆ. ಜೊತೆಗಿಟ್ಟು ನೋಡಿದರೆ ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಗೊತ್ತಾಗುತ್ತದೆ. ‘ನಮ್ಮನ್ನು ಹಿಂಬಾಲಿಸುವವರು’ ಎಂಬ ಪಟ್ಟಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಒಬ್ಬ ಮನುಷ್ಯ ಈ ಗಳಿಗೆಯಲ್ಲಿ ಏನನ್ನು ತಿಳಿಯಬಯಸುತ್ತಾನೆ ಎಂಬುದರ ಬೆಲೆ ಏರುತ್ತಿದೆ. ಕೇಳಿದವರಿಗೆ ಉತ್ತರ ಕೊಡುವುದು ಅಗ್ಗವಾಗುತ್ತಿದೆ, ಕೇಳದವರ ಬಾಗಿಲು ತಟ್ಟುವುದು ದುಬಾರಿಯಾಗುತ್ತಿದೆ.

## ಪಟ್ಟಿ ಹೋಗಿ ಊಹೆ ಬಂತು

ಫೇಸ್‌ಬುಕ್ ಪೋಸ್ಟ್‌ಗಳು ಸಾಲಾಗಿ ಕಾಣುವ ‘ನ್ಯೂಸ್ ಫೀಡ್’ ಆರಂಭಿಸಿದ್ದು 2006ರಲ್ಲಿ. 2007ರ ನವೆಂಬರ್‌ನಲ್ಲಿ ಸಂಸ್ಥೆಗಳಿಗೆ ತಮ್ಮದೇ ಪೇಜ್ ತೆರೆಯುವ ಅವಕಾಶ ಕೊಟ್ಟಿತು. ಆಗಿನ ಒಪ್ಪಂದ ಸರಳವಾಗಿದೆ ಎಂದೇ ವ್ಯಾಪಾರಿಗಳು ನಂಬಿದ್ದರು: ಯಾರು ಪೇಜನ್ನು ಮೆಚ್ಚುತ್ತಾರೋ ಅವರ ಕಣ್ಣಿಗೆ ಪೋಸ್ಟ್ ಬೀಳುತ್ತದೆ. ಹಾಗಾಗಿ ಲೈಕ್ ಕೂಡಿಹಾಕುವುದೇ ಒಂದು ಕೆಲಸವಾಯಿತು. ಅದಕ್ಕಾಗಿ ಸ್ಪರ್ಧೆ ನಡೆಸಿದರು, ಬಹುಮಾನ ಹಂಚಿದರು, ‘ನಮ್ಮ ಪೇಜ್ ಮೆಚ್ಚಿ’ ಎಂದು ಜಾಹೀರಾತನ್ನೂ ಕೊಟ್ಟರು.

ಈ ನಂಬಿಕೆಯನ್ನು ಸಡಿಲಿಸಿದ್ದು ಒಂದು ಸಾದಾ ಲೆಕ್ಕ. 2014ರಲ್ಲಿ ಫೇಸ್‌ಬುಕ್ ತಾನೇ ವಿವರಿಸಿದಂತೆ, ಒಬ್ಬ ಬಳಕೆದಾರ ಪ್ರತಿ ಸಲ ಒಳಗೆ ಬಂದಾಗ ಅವನಿಗೆ ತೋರಿಸಬಹುದಾದ ಪೋಸ್ಟ್‌ಗಳು ಸರಾಸರಿ 1,500. ಸ್ನೇಹಿತರೂ ಮೆಚ್ಚಿದ ಪೇಜ್‌ಗಳೂ ಹೆಚ್ಚಿದ್ದವರಿಗೆ ಅದು 15,000ದವರೆಗೆ ಹೋಗುತ್ತಿತ್ತು. ಫೀಡ್‌ನಲ್ಲಿ ಹಿಡಿಸುತ್ತಿದ್ದದ್ದು ಸುಮಾರು 300. ಉಳಿದವು ಉದುರಿ ಹೋಗಲೇಬೇಕು. ಯಾವುದು ಉಳಿಯಬೇಕು, ಯಾವುದು ಉದುರಬೇಕು ಎಂಬ ತೀರ್ಮಾನ ಯಂತ್ರದ, ಅಂದರೆ ಪೋಸ್ಟ್‌ಗಳನ್ನು ಆಯ್ದು ಜೋಡಿಸುವ ತಂತ್ರಾಂಶದ, ಪಾಲಾಯಿತು. ಮದುವೆಯ ಚಿತ್ರ, ಗೆಳೆಯನ ಮಗುವಿನ ಮೊದಲ ಹೆಜ್ಜೆ, ಊರಿನ ಸಾವಿನ ಸುದ್ದಿ, ಇವುಗಳ ನಡುವೆ ಕುರ್ಚಿ ಮಾರುವವರ ರಿಯಾಯಿತಿ ಪೋಸ್ಟ್ ಯಾವ ಸ್ಥಾನಕ್ಕೆ ಬರುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಆಮೇಲಿನ ಬದಲಾವಣೆಗಳೆಲ್ಲ ಇದೇ ದಾರಿಯಲ್ಲಿ ನಡೆದವು. 2016ರಲ್ಲಿ ಇನ್‌ಸ್ಟಾಗ್ರಾಂ ಕಾಲಕ್ರಮದ ಫೀಡ್ ಬಿಟ್ಟು ಆಸಕ್ತಿಯ ಕ್ರಮಕ್ಕೆ ಹೊರಳಿತು. 2018ರ ಜನವರಿಯಲ್ಲಿ ಫೇಸ್‌ಬುಕ್ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್, ಸಂಸ್ಥೆಗಳ ಮತ್ತು ಮಾಧ್ಯಮಗಳ ಪೋಸ್ಟ್‌ಗಳನ್ನು ತಗ್ಗಿಸಿ ಬಂಧುಮಿತ್ರರ ಪೋಸ್ಟ್‌ಗಳಿಗೆ ಆದ್ಯತೆ ಕೊಡುವುದಾಗಿ ಹೇಳಿದರು. ಅಷ್ಟರಲ್ಲಿ ಟಿಕ್‌ಟಾಕ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತ್ತು. ಅಲ್ಲಿ ಹಿಂಬಾಲಿಸದಿದ್ದರೂ, ಅಪರಿಚಿತರ ವಿಡಿಯೊವೇ ಮೊದಲು ಎದುರಾಗುತ್ತದೆ. 2020ರ ಆಗಸ್ಟ್‌ನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ತಂದದ್ದು ಅದಕ್ಕೆ ಉತ್ತರವಾಗಿ.

ಇದರ ಪರಿಣಾಮಕ್ಕೆ ಎರಡು ಮುಖಗಳಿವೆ. ಹತ್ತು ಸಾವಿರ ಹಿಂಬಾಲಕರಿರುವ ಖಾತೆಯ ಪೋಸ್ಟ್ ಆ ಹತ್ತು ಸಾವಿರ ಮಂದಿಗೆ ಹೋಗುವುದಿಲ್ಲ. ಅದೇ ವೇಳೆ, ನೂರು ಜನ ಹಿಂಬಾಲಕರಿರುವ ಖಾತೆಯ ವಿಡಿಯೊ ಲಕ್ಷಾಂತರ ಜನರಿಗೆ ತಲುಪಲೂಬಹುದು. ಮೊದಲನೆಯದನ್ನು ಕಂಡು ಸಿಟ್ಟಾಗುವವರು ಎರಡನೆಯದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

## ಒಂದು ವಿಡಿಯೊ ಹಾಕಿದ ಮೇಲೆ

ಮರದ ಕುರ್ಚಿ ಮಾಡುವ ಒಂದು ಸಣ್ಣ ಉದ್ದಿಮೆ ಇದೆ ಎಂದುಕೊಳ್ಳೋಣ. ಅದು ಇಪ್ಪತ್ತು ಸೆಕೆಂಡಿನ ವಿಡಿಯೊ ಹಾಕುತ್ತದೆ. ಯಂತ್ರ ಅದನ್ನು ಮೊದಲು ಒಂದು ಚಿಕ್ಕ ಗುಂಪಿಗೆ ತೋರಿಸುತ್ತದೆ. ಅವರು ಏನು ಹೇಳಿದರು ಎನ್ನುವುದಕ್ಕಿಂತ ಅವರ ಬೆರಳು ಏನು ಮಾಡಿತು ಎಂಬುದು ಅದಕ್ಕೆ ಮುಖ್ಯ. ಎಷ್ಟು ಹೊತ್ತು ನಿಂತು ನೋಡಿದರು? ಮುಂದಕ್ಕೆ ತಳ್ಳಿದರೇ? ಮೆಚ್ಚಿದರೇ? ಬೇರೆಯವರಿಗೆ ಕಳುಹಿಸಿದರೇ? ನೋಡುವ ಅವಧಿ, ಲೈಕ್ ಮತ್ತು ಕಳುಹಿಸುವಿಕೆ, ಈ ಮೂರು ಅತಿ ಮುಖ್ಯ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸೆರಿ ಬಹಿರಂಗವಾಗಿಯೇ ಹೇಳಿದ್ದಾರೆ. ಅದರಲ್ಲೂ ಅಪರಿಚಿತರನ್ನು ತಲುಪಲು ‘ಕಳುಹಿಸುವಿಕೆ’ಗೆ ತೂಕ ಹೆಚ್ಚು.

ಆ ವಿಡಿಯೊ, ಸಂಸ್ಥೆಯ ಲಾಂಛನ ತಿರುಗುವ ದೃಶ್ಯ ಮತ್ತು ಹಿನ್ನೆಲೆ ಸಂಗೀತದೊಂದಿಗೆ ಆರಂಭವಾದರೆ ಮೊದಲ ಎರಡು ಸೆಕೆಂಡಿನಲ್ಲೇ ಬೆರಳು ಜಾರುತ್ತದೆ. ಅದರ ಬದಲು ಒಂದು ಕೈ ಕುರ್ಚಿಯ ಕಾಲು ಹಿಡಿದು ಅಲುಗಾಡಿಸುತ್ತದೆ, ಕೀಲು ಕಿರುಗುಟ್ಟುತ್ತದೆ, ‘ಮೊಳೆ ಹೊಡೆಯಬೇಡಿ, ಮರ ಸೀಳುತ್ತದೆ’ ಎಂಬ ಮಾತು ಕೇಳುತ್ತದೆ. ಮನೆಯಲ್ಲಿ ಅಲುಗಾಡುವ ಕುರ್ಚಿ ಇರುವವರೆಲ್ಲ ನಿಲ್ಲುತ್ತಾರೆ. ಅವರಲ್ಲಿ ಕೆಲವರು ಅಣ್ಣನಿಗೋ ಅತ್ತಿಗೆಗೋ ಅದನ್ನು ಕಳುಹಿಸುತ್ತಾರೆ. ಯಂತ್ರ ಆಗ ಗುಂಪನ್ನು ಹಿಗ್ಗಿಸುತ್ತದೆ. ಇಲ್ಲಿ ಮಾರಾಟದ ಮಾತೇ ಬಂದಿಲ್ಲ. ಆದರೆ ಕೀಲಿನ ಬಗ್ಗೆ ತಿಳಿದವರು ಯಾರು ಎಂಬುದು ನೋಡಿದವರ ಮನಸ್ಸಿನಲ್ಲಿ ಉಳಿಯುತ್ತದೆ.

ಹಾಗಾದರೆ ಎಲ್ಲರೂ ದಿನಾ ವಿಡಿಯೊ ಮಾಡಬೇಕೇ? ಇಲ್ಲ. ತನಗೆ ಹೇಳಲು ಏನೂ ಇಲ್ಲದ ದಿನ ಹಾಕಿದ ಪೋಸ್ಟ್ ಯಂತ್ರಕ್ಕೆ ಕೊಡುವ ಸುಳಿವು ಒಂದೇ: ಈ ಖಾತೆ ಕಂಡರೆ ಜನ ಮುಂದಕ್ಕೆ ಸರಿಯುತ್ತಾರೆ. ಹಬ್ಬಕ್ಕೊಂದು ಶುಭಾಶಯದ ಚಿತ್ರ ಹಾಕುವ ಖಾತೆಗಳು ಇದನ್ನು ಯೋಚಿಸಬೇಕು.

## ಜಾಹೀರಾತಿನ ಹರಾಜು

ಕಾಸಿಲ್ಲದೆ ತಲುಪುವುದು ಕಡಿಮೆಯಾದಂತೆ ಕಾಸು ಕೊಟ್ಟು ತಲುಪುವ ದಾರಿ ಅಗಲವಾಯಿತು. ಮೆಟಾ 2024ರಲ್ಲಿ ಗಳಿಸಿದ 16,000 ಕೋಟಿ ಡಾಲರಿಗೂ ಮೀರಿದ ಆದಾಯದಲ್ಲಿ ಬಹುಪಾಲು ಜಾಹೀರಾತಿನಿಂದಲೇ ಬಂದದ್ದು. ‘ಹೆಚ್ಚು ದುಡ್ಡು ಸುರಿದವರು ಗೆಲ್ಲುತ್ತಾರೆ’ ಎಂಬ ಮಾತು ಇಲ್ಲಿ ಅರ್ಧ ಸತ್ಯ ಮಾತ್ರ.

ಒಬ್ಬ ವ್ಯಕ್ತಿಯ ಫೀಡ್‌ನಲ್ಲಿ ಒಂದು ಜಾಹೀರಾತಿಗೆ ಜಾಗ ಖಾಲಿಯಾದಾಗಲೆಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹರಾಜು ನಡೆದುಹೋಗುತ್ತದೆ. ಗೆಲುವನ್ನು ನಿರ್ಧರಿಸುವುದು ಕೂಗಿದ ಬೆಲೆಯೊಂದೇ ಅಲ್ಲ. ಆ ವ್ಯಕ್ತಿ ನಿಜಕ್ಕೂ ಸ್ಪಂದಿಸುವ ಸಾಧ್ಯತೆಯನ್ನು ಬೆಲೆಗೆ ಗುಣಿಸುತ್ತಾರೆ, ಜಾಹೀರಾತಿನ ಗುಣಮಟ್ಟಕ್ಕೆ ಒಂದಿಷ್ಟು ಅಂಕ ಕೂಡಿಸುತ್ತಾರೆ. ಒಂದು ದೊಡ್ಡ ಕಂಪನಿ 100 ಎಂದು ಕೂಗಿತು, ನೋಡಿದವರಲ್ಲಿ ಸ್ಪಂದಿಸುವ ಸಾಧ್ಯತೆ ನೂರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಗುಣಲಬ್ಧ 1. ಕುರ್ಚಿಯ ಸಣ್ಣ ಉದ್ದಿಮೆ ಕೂಗಿದ್ದು 40, ಆದರೆ ಅದರ ಸಾಧ್ಯತೆ ನೂರಕ್ಕೆ ನಾಲ್ಕು. ಗುಣಲಬ್ಧ 1.6. ಗುಣಮಟ್ಟದ ಅಂಕ ಇಬ್ಬರಿಗೂ ಸಮವಾಗಿದ್ದರೆ ಜಾಗ ಸಣ್ಣವರಿಗೆ ಸಿಗುತ್ತದೆ. ಹೊಂದದ ಜಾಹೀರಾತಿಗೆ ಹೆಚ್ಚು ತೆರಬೇಕು, ಹೊಂದುವ ಜಾಹೀರಾತಿಗೆ ಕಡಿಮೆ ಸಾಕು.

ಸಣ್ಣ ಬಂಡವಾಳದವರು ಎಡವುವುದು ಬೇರೊಂದು ಕಡೆ. ಯಾರು ಸ್ಪಂದಿಸುತ್ತಾರೆ ಎಂದು ಊಹಿಸಲು ಯಂತ್ರಕ್ಕೆ ಉದಾಹರಣೆಗಳು ಬೇಕು. ಮೆಟಾದ ಮಾರ್ಗಸೂಚಿಯಂತೆ ಒಂದು ಜಾಹೀರಾತು ಗುಂಪು (ಒಂದೇ ಗುರಿಯಡಿ ನಡೆಯುವ ಜಾಹೀರಾತುಗಳು) ‘ಕಲಿಕೆಯ ಹಂತ’ ದಾಟಲು ವಾರದೊಳಗೆ ಸುಮಾರು 50 ಫಲಿತಾಂಶಗಳು ಸಿಗಬೇಕು. ಫಲಿತಾಂಶ ಎಂದರೆ ಖರೀದಿ, ವಿಚಾರಣೆ, ನೀವು ಏನನ್ನು ಗುರಿಯಾಗಿ ಇಟ್ಟಿರುತ್ತೀರೋ ಅದು. ಇರುವ ಅಲ್ಪ ಹಣವನ್ನು ಐದು ಗುಂಪುಗಳಿಗೆ ಹಂಚಿ, ಒಂದೊಂದಕ್ಕೆ ಹತ್ತು ಫಲಿತಾಂಶ ಬಂದರೆ ಐದೂ ಅರೆಬರೆ ಕಲಿತ ಸ್ಥಿತಿಯಲ್ಲೇ ಉಳಿಯುತ್ತವೆ. ಮೂರನೆಯ ದಿನ ಗಾಬರಿಯಾಗಿ ಚಿತ್ರ ಬದಲಿಸಿ, ಐದನೆಯ ದಿನ ವಯಸ್ಸಿನ ಮಿತಿ ಬದಲಿಸಿದರೆ ಕಲಿಕೆ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತದೆ. ಒಂದೇ ಗುಂಪು, ಒಂದು ಸ್ಪಷ್ಟ ಗುರಿ, ಒಂದೆರಡು ವಾರದ ತಾಳ್ಮೆ, ಇಷ್ಟಿದ್ದರೆ ಅದೇ ಹಣ ಹೆಚ್ಚು ಕೆಲಸ ಮಾಡುತ್ತದೆ.

ಪೋಸ್ಟ್‌ನ ಕೆಳಗೆ ಕಾಣುವ, ಹಣ ಕೊಟ್ಟು ಅದನ್ನು ಹೆಚ್ಚು ಜನರಿಗೆ ತೋರಿಸುವ ‘ಬೂಸ್ಟ್’ ಗುಂಡಿ ಸುಲಭ, ನಿಜ. ಆದರೆ ಗುರಿಯನ್ನು ಆಯ್ದುಕೊಳ್ಳದೆ ಅದನ್ನು ಒತ್ತಿದರೆ ಲೈಕ್ ಒತ್ತುವ ಅಭ್ಯಾಸದವರನ್ನು ಹುಡುಕಿಕೊಡು ಎಂದು ಯಂತ್ರಕ್ಕೆ ಹೇಳಿದಂತಾಗುವ ಅಪಾಯವಿದೆ. ಅದು ವಿಧೇಯವಾಗಿ ಅವರನ್ನೇ ಹುಡುಕಿಕೊಡುತ್ತದೆ.

## ಯಾರ ವಾದ ಏನು?

ಜಾಲತಾಣ ಕಂಪನಿಗಳ ವಾದ ಹೀಗಿದೆ: ಜನರ ಸಮಯ ಸೀಮಿತ, ಅವರಿಗೆ ಇಷ್ಟವಾದುದನ್ನು ತೋರಿಸದಿದ್ದರೆ ಅವರು ಹೊರಡುತ್ತಾರೆ, ಆಗ ವ್ಯಾಪಾರಿಗೂ ನಷ್ಟ. ವ್ಯಾಪಾರಿಗಳ ದೂರು ಬೇರೆ: ಹಿಂಬಾಲಕರನ್ನು ಕೂಡಿಸಲು ಸಮಯ, ಹಣ ಎರಡನ್ನೂ ಹಾಕಿಸಿದಿರಿ, ಈಗ ಅದೇ ಜನರನ್ನು ತಲುಪಲು ಮತ್ತೆ ಹಣ ಕೇಳುತ್ತಿದ್ದೀರಿ. ನನ್ನ ದೃಷ್ಟಿಯಲ್ಲಿ ಎರಡನೆಯ ದೂರಿನಲ್ಲಿ ನ್ಯಾಯವಿದೆ. ನಿಯಮವನ್ನು ನಡುವೆ ಬದಲಿಸಿದ್ದು ಕಂಪನಿಗಳು, ಖರ್ಚಾದದ್ದು ವ್ಯಾಪಾರಿಗಳ ಹಣ. ಆದರೆ ಆ ನ್ಯಾಯದಿಂದ ಹಳೆಯ ಕಾಲ ಮರಳಿ ಬರುವುದಿಲ್ಲ. 1,500ರಲ್ಲಿ 300 ಎಂಬ ಲೆಕ್ಕ ಯಾರ ಕೋಪಕ್ಕೂ ಬದಲಾಗುವುದಿಲ್ಲ.

ಮೂರನೆಯ ಪಕ್ಷವನ್ನು ಈ ಜಗಳದಲ್ಲಿ ಹೆಚ್ಚಿನವರು ಮರೆಯುತ್ತಾರೆ: ಸಾಮಾನ್ಯ ಬಳಕೆದಾರ. ಆತ ಯಾವ ಆ್ಯಪ್‌ನಲ್ಲಿ ಏನು ನೋಡಿದ, ಎಲ್ಲಿ ಏನು ಕೊಂಡ ಎಂಬ ಮಾಹಿತಿಯ ಮೇಲೆಯೇ ಜಾಹೀರಾತಿನ ಗುರಿ ನಿಂತಿದೆ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಐಫೋನ್ ನಡೆಸುವ ತನ್ನ ತಂತ್ರಾಂಶ ಐಒಎಸ್ 14.5ರಲ್ಲಿ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಿತು: ಬೇರೆ ಆ್ಯಪ್ ಮತ್ತು ಜಾಲತಾಣಗಳಲ್ಲಿ ನಿಮ್ಮ ಜಾಡು ಹಿಡಿಯಲು ಈ ಆ್ಯಪ್‌ಗೆ ಅನುಮತಿ ಕೊಡುತ್ತೀರಾ? ಫೇಸ್‌ಬುಕ್ ಅದಕ್ಕೆ ಮೊದಲೇ, 2020ರ ಡಿಸೆಂಬರ್‌ನಲ್ಲಿ, ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಇದರಿಂದ ಸಣ್ಣ ಉದ್ದಿಮೆಗಳು ಸೊರಗುತ್ತವೆ ಎಂದು ವಾದಿಸಿತ್ತು. ಬಹಳಷ್ಟು ಜನ ‘ಬೇಡ’ ಎಂದೇ ಒತ್ತಿದರು. ಆ ಬದಲಾವಣೆಯಿಂದ 2022ರಲ್ಲಿ ತನ್ನ ಆದಾಯಕ್ಕೆ ಸುಮಾರು 1,000 ಕೋಟಿ ಡಾಲರಿನಷ್ಟು ಪೆಟ್ಟು ಬೀಳಬಹುದು ಎಂದು ಮೆಟಾ ಅಂದಾಜಿಸಿತು.

ಸಣ್ಣ ಉದ್ದಿಮೆಗಳಿಗೆ ತೊಂದರೆಯಾದದ್ದೂ ಸುಳ್ಳಲ್ಲ. ಖರೀದಿ ಯಾವ ಜಾಹೀರಾತಿನಿಂದ ಬಂತು ಎಂದು ತಿಳಿಯುವುದು ಕಷ್ಟವಾಯಿತು, ಒಬ್ಬ ಗಿರಾಕಿಯನ್ನು ತರುವ ವೆಚ್ಚ ಏರಿತು. ಆದರೂ ಪ್ರಶ್ನೆ ಕೇಳಿದ್ದರಲ್ಲಿ ತಪ್ಪೇನಿತ್ತು? ಅನುಮತಿ ಕೇಳಿದೊಡನೆ ಕುಸಿಯುವ ವ್ಯವಸ್ಥೆಯ ಬುನಾದಿ ಮೊದಲೇ ಗಟ್ಟಿ ಇರಲಿಲ್ಲ ಎಂದರ್ಥ. ಯುರೋಪಿನ ಒಕ್ಕೂಟವೂ ಇದೇ ಹಾದಿಯಲ್ಲಿದೆ. 2018ರ ಮೇ ತಿಂಗಳಿಂದ ಅಲ್ಲಿ ದತ್ತಾಂಶ ರಕ್ಷಣೆಯ ಕಟ್ಟುನಿಟ್ಟಿನ ಕಾನೂನಿದೆ. ‘ಜಾಡು ಹಿಡಿಯಲು ಒಪ್ಪಿ, ಇಲ್ಲವೇ ಚಂದಾ ಕಟ್ಟಿ’ ಎಂದು ಬಳಕೆದಾರರ ಮುಂದಿಟ್ಟ ಆಯ್ಕೆಗಾಗಿ 2025ರ ಏಪ್ರಿಲ್‌ನಲ್ಲಿ ಮೆಟಾಕ್ಕೆ 20 ಕೋಟಿ ಯೂರೊ ದಂಡ ಬಿತ್ತು.

## ಎಣಿಕೆಯನ್ನು ನಂಬುವುದು ಹೇಗೆ?

2024ರ ಆಗಸ್ಟ್‌ನಲ್ಲಿ ಇನ್‌ಸ್ಟಾಗ್ರಾಂ ಎಲ್ಲ ಬಗೆಯ ಪೋಸ್ಟ್‌ಗಳಿಗೂ ‘ವೀಕ್ಷಣೆ’ಯನ್ನೇ ಪ್ರಧಾನ ಅಳತೆಯಾಗಿ ಮಾಡಿತು. ಒಬ್ಬರೇ ಮೂರು ಸಲ ನೋಡಿದರೆ ಮೂರು ವೀಕ್ಷಣೆ. ಎಷ್ಟು ಮಂದಿಗೆ ತಲುಪಿತು ಎಂಬುದು ಬೇರೆಯೇ ಅಂಕಿ, ಅದು ಚಿಕ್ಕದು. ಒಂದೇ ರಾತ್ರಿಯಲ್ಲಿ ಅಂಕಿ ದೊಡ್ಡದಾಯಿತೆಂದು ಹಿಗ್ಗಿದವರು ಮಾರಾಟದ ಪುಸ್ತಕ ತೆರೆದಾಗ ಅಲ್ಲಿ ಏನೂ ಬದಲಾಗಿರಲಿಲ್ಲ.

ಅಳತೆಗೋಲು ಮಾರುವವರ ಕೈಯಲ್ಲೇ ಇದ್ದಾಗ ಎಚ್ಚರ ಬೇಕು. ಜನ ಸರಾಸರಿ ಎಷ್ಟು ಹೊತ್ತು ವಿಡಿಯೊ ನೋಡುತ್ತಾರೆ ಎಂಬ ಲೆಕ್ಕವನ್ನು ತಾನು ಎರಡು ವರ್ಷ ತಪ್ಪಾಗಿ ಹೇಳಿದ್ದೇನೆಂದು ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಸರಾಸರಿಯಿಂದಲೇ ಕೈಬಿಟ್ಟಿದ್ದರು. ಜಾಹೀರಾತುದಾರರು ಹೂಡಿದ ಮೊಕದ್ದಮೆ 2019ರಲ್ಲಿ 4 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಮೆಟಾದ ರೂಢಿಯ ಲೆಕ್ಕದಲ್ಲಿ, ಜಾಹೀರಾತನ್ನು ಒತ್ತಿದ ಏಳು ದಿನಗಳ ಒಳಗೆ, ಅಥವಾ ಸುಮ್ಮನೆ ಕಂಡ ಒಂದು ದಿನದ ಒಳಗೆ ನಡೆದ ಖರೀದಿಯ ಶ್ರೇಯಸ್ಸು ಜಾಹೀರಾತಿಗೆ ಸೇರುತ್ತದೆ. ಆದರೆ ಆ ಗಿರಾಕಿ ಜಾಹೀರಾತು ಇಲ್ಲದಿದ್ದರೂ ಕೊಳ್ಳುತ್ತಿದ್ದನೇ? ಇದನ್ನೇ ತಿಳಿಯಲು ಆನ್‌ಲೈನ್ ಮಾರಾಟದ ಇಬೇ ಕಂಪನಿ ಹುಡುಕಾಟದ ಜಾಹೀರಾತಿನ ಮೇಲೆ ಒಂದು ಪ್ರಯೋಗ ಮಾಡಿತು. ತನ್ನ ಹೆಸರನ್ನೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ನಿಲ್ಲಿಸಿದಾಗ, ಬಹುತೇಕ ಎಲ್ಲರೂ ಪುಕ್ಕಟೆ ಕೊಂಡಿಯನ್ನು ಒತ್ತಿ ಬಂದೇ ಬಂದರು. ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಈ ಫಲಿತಾಂಶ ಇಂದಿಗೂ ಪಾಠವಾಗಿದೆ.

ಸಣ್ಣ ಉದ್ದಿಮೆಯೂ ಇದನ್ನು ತನ್ನ ಮಟ್ಟದಲ್ಲಿ ಮಾಡಬಹುದು. ಎರಡು ವಾರ ಜಾಹೀರಾತು ನಡೆಸಿ, ಎರಡು ವಾರ ನಿಲ್ಲಿಸಿ, ಒಟ್ಟು ಮಾರಾಟವನ್ನು ಹೋಲಿಸುವುದು. ಹಬ್ಬ, ಸಂಬಳದ ದಿನ, ರಜೆ ಇವೆಲ್ಲ ನಡುವೆ ಬಂದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ಎರಡು ಮೂರು ಸಲ ಮಾಡಿ ನೋಡಬೇಕು. ಹೊಸದಾಗಿ ಬಂದ ಪ್ರತಿ ಗಿರಾಕಿಗೆ ‘ನಮ್ಮ ಬಗ್ಗೆ ಹೇಗೆ ತಿಳಿಯಿತು?’ ಎಂದು ಕೇಳಿ ಬರೆದಿಡುವುದು ಇನ್ನೂ ಸುಲಭ. ಒರಟು ಲೆಕ್ಕ ನಿಜ, ಆದರೆ ಅದು ನಿಮ್ಮದೇ ಲೆಕ್ಕ.

## ವಾಟ್ಸ್‌ಆ್ಯಪ್: ಯಾರು ಮೊದಲು ಮಾತಾಡಿದರು?

ಈಗ ಜುಲೈ 1ರ ಸುದ್ದಿಗೆ ಬರೋಣ, ಏಕೆಂದರೆ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ‘ವಾಟ್ಸ್‌ಆ್ಯಪ್‌ನಲ್ಲಿ ಇನ್ನು ಪ್ರತಿ ಸಂದೇಶಕ್ಕೂ ದುಡ್ಡು’ ಎಂದು ಹಬ್ಬಿದ ಮಾತು ಪೂರ್ತಿ ಸರಿಯಲ್ಲ. 2018ರ ಜನವರಿಯಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಸಣ್ಣವರಿಗಾಗಿ ಇರುವುದು. ಅದರಲ್ಲಿ ಗಿರಾಕಿಗಳೊಂದಿಗೆ ಮಾತಾಡಲು ಶುಲ್ಕವಿಲ್ಲ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ಅದರ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಜಾಗ, ಅದೂ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ.

ಶುಲ್ಕ ಇರುವುದು ಸಾವಿರಾರು ಜನರಿಗೆ ತಂತ್ರಾಂಶದ ಮೂಲಕ ಕಳುಹಿಸುವ ದೊಡ್ಡ ವ್ಯವಸ್ಥೆಗೆ. ಅಲ್ಲಿ ಮೊದಲೇ ಮೆಟಾದ ಒಪ್ಪಿಗೆ ಪಡೆದ ಸಿದ್ಧ ಸಂದೇಶಗಳನ್ನಷ್ಟೇ ತಾವಾಗಿ ಕಳುಹಿಸಬಹುದು. ಹಿಂದೆ 24 ಗಂಟೆಯ ಒಂದು ಸಂಭಾಷಣೆಗೆ ಒಂದು ದರವಿತ್ತು, ಈಗ ತಲುಪಿದ ಒಂದೊಂದು ಸಿದ್ಧ ಸಂದೇಶಕ್ಕೂ ದರ. ಗಮನಿಸಬೇಕಾದ ವಿನಾಯಿತಿ ಬೇರೆ ಇದೆ. ಗಿರಾಕಿಯೇ ಮೊದಲು ಬರೆದರೆ 24 ಗಂಟೆಗಳ ಒಂದು ಕಿಟಕಿ ತೆರೆಯುತ್ತದೆ. ಆ ಅವಧಿಯಲ್ಲಿ ಸಂಸ್ಥೆ ಮುಕ್ತವಾಗಿ ಬರೆಯುವ ಉತ್ತರಗಳಿಗೆ ಶುಲ್ಕವಿಲ್ಲ. ಆರ್ಡರ್ ಯಾವ ಹಂತದಲ್ಲಿದೆ ಎಂದು ತಿಳಿಸುವಂಥ ಸಿದ್ಧ ಸಂದೇಶಗಳಿಗೂ ಆ ಕಿಟಕಿಯೊಳಗೆ ಶುಲ್ಕವಿಲ್ಲ. ಆದರೆ ಪ್ರಚಾರದ ಸಿದ್ಧ ಸಂದೇಶಕ್ಕೆ ಸಾಮಾನ್ಯವಾಗಿ ಆ ಕಿಟಕಿಯೊಳಗೂ ದರ ಉಂಟು.

ಇದರ ಹಿಂದಿನ ಕಾರ್ಯಕಾರಣ ಸ್ಪಷ್ಟ. ವಾಟ್ಸ್‌ಆ್ಯಪ್ ಮನೆಯವರ ಮಾತಿನ ಜಾಗ. ಅಲ್ಲಿ ಪ್ರಚಾರ ತುಂಬಿದರೆ ಜನ ಬೇಸತ್ತು ಸಂಸ್ಥೆಯ ಸಂಖ್ಯೆಯನ್ನೇ ತಡೆಹಿಡಿಯುತ್ತಾರೆ. ತಡೆಹಿಡಿದವರು, ದೂರು ಕೊಟ್ಟವರು ಹೆಚ್ಚಾದಂತೆ ಆ ಸಂಖ್ಯೆಯ ಗುಣಮಟ್ಟದ ದರ್ಜೆ ಇಳಿಯುತ್ತದೆ. ಪರಿಣಾಮವಾಗಿ, ಎಲ್ಲಿಂದಲೋ ಕೊಂಡ ಸಂಖ್ಯೆಗಳ ಪಟ್ಟಿಗೆ ಒಂದೇ ಸಲ ಸಂದೇಶ ಹಚ್ಚುವ ಉದ್ದಿಮೆ ದರವನ್ನೂ ತೆರುತ್ತದೆ, ತನ್ನ ಸಂಖ್ಯೆಯನ್ನೂ ಕಳೆದುಕೊಳ್ಳಬಹುದು. ಇದನ್ನು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ: ಕೊಂಡ ಸಂಖ್ಯೆಗಳ ಪಟ್ಟಿ ಆಸ್ತಿಯಲ್ಲ. ಅದರಲ್ಲಿರುವ ಯಾರೊಬ್ಬರೂ ನಿಮ್ಮನ್ನು ಕರೆದಿಲ್ಲ.

ಸ್ಟೇಟಸ್ ನಡುವಿನ ಜಾಹೀರಾತು ಈ ಚಿತ್ರದಲ್ಲಿ ಎಲ್ಲಿ ಕೂರುತ್ತದೆ? ಖಾಸಗಿ ಮಾತುಕತೆಯ ಒಳಗೆ ಅದು ಬರುವುದಿಲ್ಲ ಎಂದು ಕಂಪನಿ ಹೇಳಿದೆ. ನೋಡಿದವರು ಒತ್ತಿದರೆ ನೇರವಾಗಿ ಸಂಸ್ಥೆಯೊಂದಿಗೆ ಮಾತಿಗೆ ಇಳಿಯಬಹುದು. ಅಂದರೆ ಮಾತು ಮತ್ತೆ ಗಿರಾಕಿಯಿಂದಲೇ ಶುರುವಾಗುತ್ತದೆ. ಜಾಹೀರಾತಿಗೆ ಹಣ ಕೊಟ್ಟು ಹತ್ತು ವಿಚಾರಣೆ ತರಿಸಿ, ಅವಕ್ಕೆ ಮೂರು ದಿನ ಬಿಟ್ಟು ಉತ್ತರಿಸುವುದಾದರೆ ಖರ್ಚೆಲ್ಲ ನೀರಿನಲ್ಲಿ ಹೋಮ.

## ಕಮೆಂಟಿನಲ್ಲಿ ಕುಳಿತಿರುವ ಗಿರಾಕಿ

ಜಾಲತಾಣದ ಅತ್ಯಂತ ಬೆಲೆಬಾಳುವ ಜಾಗ ಪೋಸ್ಟ್‌ನ ಕೆಳಗಿದೆ. ಕುರ್ಚಿಯ ವಿಡಿಯೊಗೆ ಒಬ್ಬರು ಬರೆಯುತ್ತಾರೆ: ‘ಬೆನ್ನು ನೋವಿರುವವರು ಇದರಲ್ಲಿ ಎಷ್ಟು ಹೊತ್ತು ಕೂರಬಹುದು?’ ಸಾಮಾನ್ಯವಾಗಿ ಸಿಗುವ ಉತ್ತರ ‘ಇನ್‌ಬಾಕ್ಸ್ ನೋಡಿ’ ಅಥವಾ ಎರಡು ಕೈ ಮುಗಿದ ಚಿತ್ರ. ಬೆಲೆ ಕೇಳಿದರಂತೂ ಗುಟ್ಟಿನಲ್ಲಿ ಹೇಳುವುದೇ ರೂಢಿಯಾಗಿದೆ.

ಈ ರೂಢಿ ನಷ್ಟದ್ದು. ಪ್ರಶ್ನೆ ಕೇಳಿದವರು ಒಬ್ಬರು, ಅದೇ ಪ್ರಶ್ನೆ ಮನಸ್ಸಿನಲ್ಲಿದ್ದು ಕೇಳದೆ ಮುಂದೆ ಹೋದವರು ಹಲವರು. ‘ನಮಸ್ಕಾರ. ಈ ಕುರ್ಚಿಗೆ ಸೊಂಟದ ಆಸರೆ ಇಲ್ಲ, ಒಂದು ಗಂಟೆಗಿಂತ ಹೆಚ್ಚು ಕೂರುವವರಿಗೆ ನಾವು ಇದನ್ನು ಶಿಫಾರಸು ಮಾಡುವುದಿಲ್ಲ. ಬೆನ್ನು ಎತ್ತರವಿರುವ ಇನ್ನೊಂದು ಮಾದರಿ ಇದೆ, ಅದರ ಅಳತೆ ಮತ್ತು ಬೆಲೆ ಇಲ್ಲಿದೆ’ ಎಂದು ಎಲ್ಲರಿಗೂ ಕಾಣುವಂತೆ ಬರೆದರೆ ಒಬ್ಬರಿಗೆ ಕೊಟ್ಟ ಉತ್ತರ ಎಲ್ಲರಿಗೂ ಕೊಟ್ಟಂತಾಗುತ್ತದೆ. ‘ಶಿಫಾರಸು ಮಾಡುವುದಿಲ್ಲ’ ಎಂದ ಮಾತೇ ನಂಬಿಕೆ ಹುಟ್ಟಿಸುತ್ತದೆ. ಕೋಪದ ಕಮೆಂಟಿಗೂ ಇದೇ ಅನ್ವಯಿಸುತ್ತದೆ. ಅಳಿಸಿದರೆ ದೂರು ಇನ್ನೊಂದು ಕಡೆ ಎರಡರಷ್ಟಾಗಿ ಏಳುತ್ತದೆ. ತಪ್ಪನ್ನು ಒಪ್ಪಿ, ಸರಿಪಡಿಸಿದ್ದನ್ನು ಅಲ್ಲಿಯೇ ತಿಳಿಸಿದರೆ ದೂರಿನ ಸಾಲು ಸಂಸ್ಥೆಯ ಪರ ಸಾಕ್ಷಿ ಹೇಳುತ್ತದೆ.

ಇಲ್ಲಿಯೇ ಜುಲೈ 10ರ ಬದಲಾವಣೆಯ ಅರ್ಥ ಗೊತ್ತಾಗುವುದು. ಪೋಸ್ಟ್‌ಗಳು ಹುಡುಕಾಟದಲ್ಲಿ ಸಿಗುವುದಾದರೆ, ಬರೆದ ಪದಗಳು ಗಿರಾಕಿ ಕೇಳುವ ಪದಗಳೇ ಆಗಿರಬೇಕು. ‘ನಿಮ್ಮ ಕನಸಿನ ಆಸನ’ ಎಂದು ಯಾರೂ ಹುಡುಕುವುದಿಲ್ಲ. ‘ಅಲುಗಾಡುವ ಮರದ ಕುರ್ಚಿ ಸರಿಪಡಿಸುವುದು ಹೇಗೆ’ ಎಂದು ಹುಡುಕುತ್ತಾರೆ. ಕಮೆಂಟುಗಳಲ್ಲಿ ಪದೇ ಪದೇ ಬರುವ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಆರು ತಿಂಗಳ ಪೋಸ್ಟ್‌ಗಳಿಗೆ ವಿಷಯ ಸಿಕ್ಕಂತೆಯೇ. ಯೂಟ್ಯೂಬ್‌ನಲ್ಲಿ ಹೀಗೆ ಮಾಡಿದ ವಿಡಿಯೊಗಳು ವರ್ಷಗಳ ನಂತರವೂ ಹುಡುಕಾಟದಿಂದ ಜನರನ್ನು ತರುತ್ತಿರುತ್ತವೆ. ಇನ್‌ಸ್ಟಾಗ್ರಾಂ ಪೋಸ್ಟ್‌ಗೂ ಆ ಆಯುಸ್ಸು ಒಂದಿಷ್ಟು ದಕ್ಕಬಹುದು. ಬೇಡವೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆರಿಸಿಡಬಹುದು.

ಎಲ್ಲ ಜಾಲತಾಣಗಳಲ್ಲೂ ಖಾತೆ ತೆರೆಯಬೇಕೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಉತ್ತರಿಸಲು ಆಗುವಷ್ಟೇ ತೆರೆಯಬೇಕು.

## ಕೊಂಡ ಹೊಗಳಿಕೆ

ಹಿಂಬಾಲಕರನ್ನು, ವಿಮರ್ಶೆಗಳನ್ನು ದುಡ್ಡಿಗೆ ಕೊಳ್ಳುವ ದಂಧೆ ಹಳೆಯದು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಆಗಸ್ಟ್‌ನಲ್ಲಿ ನಿಯಮ ರೂಪಿಸಿ ನಕಲಿ ವಿಮರ್ಶೆ, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಸುಳ್ಳು ಅನುಭವ, ವ್ಯಾಪಾರಕ್ಕಾಗಿ ನಕಲಿ ಹಿಂಬಾಲಕರ ಖರೀದಿ, ಎಲ್ಲವನ್ನೂ ನಿಷೇಧಿಸಿತು. ಕಾನೂನಿನ ಭಯ ಒಂದು ಕಡೆ ಇರಲಿ. ಕೊಂಡ ಹಿಂಬಾಲಕರು ನೋಡುವುದಿಲ್ಲ, ಕಳುಹಿಸುವುದಿಲ್ಲ, ಕೊಳ್ಳುವುದಿಲ್ಲ. ಯಂತ್ರ ಮೊದಲ ಚಿಕ್ಕ ಗುಂಪಿಗೆ ಅವರನ್ನು ಆಯ್ದರೆ ಪೋಸ್ಟ್ ಅಲ್ಲಿಯೇ ಸಾಯುತ್ತದೆ. ಜಾಲತಾಣದ ಪ್ರಭಾವಿಗಳಿಗೆ (ಇನ್‌ಫ್ಲುಯೆನ್ಸರ್) ಹಣ ಕೊಟ್ಟು ಹೇಳಿಸುವುದು ಇದಕ್ಕಿಂತ ಭಿನ್ನ. ಅದು ‘ಹಣ ಪಡೆದ ಪ್ರಚಾರ’ ಎಂದು ಎದ್ದು ಕಾಣುವಂತೆ ಬರೆದಿದ್ದರೆ ತಪ್ಪಿಲ್ಲ.

## ಮುಂದೆ ಏನಾಗಬಹುದು?

ಮೊದಲನೆಯದು, ಜಾಹೀರಾತು ತಯಾರಿಕೆಯೇ ಯಂತ್ರದ ಪಾಲಾಗುತ್ತದೆ. ಸರಕಿನ ಒಂದು ಚಿತ್ರ ಮತ್ತು ಖರ್ಚಿನ ಮಿತಿ ಕೊಟ್ಟರೆ ಸಾಕು, ಚಿತ್ರ, ಮಾತು, ಗುರಿ ಎಲ್ಲವನ್ನೂ ಕೃತಕ ಬುದ್ಧಿಮತ್ತೆ ನೋಡಿಕೊಳ್ಳುವ ಕಡೆಗೆ ಮೆಟಾ ಸಾಗುತ್ತಿದೆ. ವಿನ್ಯಾಸಗಾರರನ್ನು ಇಟ್ಟುಕೊಳ್ಳಲಾಗದ ಉದ್ದಿಮೆಗೆ ಇದು ಅನುಕೂಲ. ಆದರೆ ಅದೇ ಯಂತ್ರ ಎಲ್ಲರಿಗೂ ಜಾಹೀರಾತು ಮಾಡಿಕೊಟ್ಟರೆ ಎಲ್ಲ ಕುರ್ಚಿಗಳೂ ಒಂದೇ ಥರ ಹೊಳೆಯುತ್ತವೆ. ಆಗ ನಿಜವಾದ ಕೈ, ನಿಜವಾದ ಕೀಲು, ನಿಜವಾದ ಕಿರುಗುಟ್ಟುವಿಕೆಗೆ ಜನ ನಿಲ್ಲುವ ಸಾಧ್ಯತೆ ಹೆಚ್ಚು. 2025ರ ಡಿಸೆಂಬರ್ 16ರಿಂದ ಹಲವು ದೇಶಗಳಲ್ಲಿ ಮೆಟಾದ ಕೃತಕ ಬುದ್ಧಿಮತ್ತೆಯೊಂದಿಗೆ ಜನ ಆಡುವ ಮಾತುಗಳೂ ಜಾಹೀರಾತಿನ ಗುರಿ ಹಿಡಿಯಲು ಬಳಕೆಯಾಗುತ್ತಿವೆ. ಗುರಿ ಇನ್ನಷ್ಟು ನಿಖರವಾಗಬಹುದು, ‘ಇವರಿಗೆ ಹೇಗೆ ಗೊತ್ತಾಯಿತು?’ ಎಂಬ ಗಿರಾಕಿಯ ಅಳುಕೂ ಅಷ್ಟೇ ಬೆಳೆಯಬಹುದು.

ಎರಡನೆಯದು, ಸರ್ಕಾರಗಳ ತೀರ್ಮಾನ ಒಂದೇ ದಿನದಲ್ಲಿ ಪ್ರೇಕ್ಷಕರನ್ನು ಬದಲಿಸಬಹುದು. 2020ರ ಜೂನ್ 29ರಂದು ಭಾರತ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದರ ಮೇಲೇ ನಿಂತಿದ್ದ ಖಾತೆಗಳು ರಾತ್ರೋರಾತ್ರಿ ಬರಿದಾದವು. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ಹದಿಹರೆಯದವರಿಗಾಗಿ ಸರಕು ಮಾಡುವವರು ಬೇರೆ ದಾರಿ ಹುಡುಕಬೇಕಾಗಿದೆ.

ಮೂರನೆಯದಕ್ಕೆ ಸರ್ಕಾರವೂ ಬೇಕಿಲ್ಲ, ನೀತಿ ಬದಲಾವಣೆಯೂ ಬೇಕಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ಸ್ತಬ್ಧವಾಗಿದ್ದವು. ಕಾರಣ ಕಂಪನಿಯ ಒಳಗಿನದೇ ಒಂದು ತಾಂತ್ರಿಕ ತಪ್ಪು. ಗಿರಾಕಿಗಳ ಒಪ್ಪಿಗೆಯಿಂದ ಪಡೆದ ಇಮೇಲ್ ಮತ್ತು ಫೋನ್ ಸಂಖ್ಯೆಗಳನ್ನು ತಮ್ಮದೇ ಪುಸ್ತಕದಲ್ಲಿ ಇಟ್ಟುಕೊಂಡಿದ್ದವರು ಆ ಸಂಜೆಯೂ ‘ನಿಮ್ಮ ಸರಕು ನಾಳೆ ಬರುತ್ತದೆ’ ಎಂದು ತಿಳಿಸಬಲ್ಲವರಾಗಿದ್ದರು. ಉಳಿದವರಿಗೆ ತಮ್ಮ ಗಿರಾಕಿಗಳು ಯಾರೆಂದು ತಿಳಿಯಲು ಪರದೆ ಮತ್ತೆ ತೆರೆಯುವವರೆಗೆ ಕಾಯಬೇಕಾಯಿತು.